ತೊಟ್ಟಿಮನೆಯ ಚಿತ್ರಕ್ಕೊಂದು ಅಗ್ಗದ ಲೆನ್ಸು

ಮಳವಳ್ಳಿ ತಾಲ್ಲೂಕಿನಲ್ಲಿದ್ದ ನಮ್ಮ ಹಿರಿಯರ ತೊಟ್ಟಿಮನೆಯನ್ನು 2024ರ ಫೆಬ್ರವರಿಯಲ್ಲಿ ಕೆಡವಬೇಕೆಂದು ತೀರ್ಮಾನವಾಯಿತು. ಪಾಲುಪಟ್ಟಿಯಾಗಿ ವರ್ಷಗಳೇ ಕಳೆದಿದ್ದವು. ತೊಲೆಗಳಿಗೆ ಗೆದ್ದಲು ಹತ್ತಿತ್ತು. ಉಳಿಸಿಕೊಳ್ಳುವ ಶಕ್ತಿ ನಮ್ಮಲ್ಲಿ ಯಾರಿಗೂ ಇರಲಿಲ್ಲ. ತೊಟ್ಟಿಯ ಸುತ್ತಲಿನ ಕೈಸಾಲೆ, ಕಂಬಗಳು, ದೇವರ ಕೋಣೆಯ ಬಾಗಿಲು, ಇವೆಲ್ಲವೂ ಒಟ್ಟಿಗೆ ಕಾಣುವ ಒಂದು ಚಿತ್ರವಾದರೂ ಉಳಿಯಲೆಂದು ಬಯಸಿ, ಮದ್ದೂರಿನಲ್ಲಿ ಉದ್ಯೋಗದಲ್ಲಿರುವ ನಮ್ಮ ತಮ್ಮನ ಮಗನನ್ನು ಕರೆಸಿದೆವು.

ಅವನು ಗೋಡೆಗೆ ಬೆನ್ನೊತ್ತಿ ನಿಂತರೂ ಚಿತ್ರದಲ್ಲಿ ಬಂದುದು ಎರಡೇ ಕಂಬ. ಮೊಬೈಲಿನಲ್ಲಿ ಸುತ್ತು ತಿರುಗಿಸಿ ತೆಗೆದಾಗ ನೇರವಾದ ತೊಲೆ ಬಿಲ್ಲಿನಂತೆ ಬಾಗಿತು. "ದೊಡ್ಡಪ್ಪ, ಅಗಲವಾದ ಲೆನ್ಸ್ ಬೇಕು. ಆದರೆ ಅದರ ಬೆಲೆ ಕೇಳಿದರೆ ಮನೆ ಕೆಡವುವ ಕೂಲಿಯನ್ನೇ ಮೀರುತ್ತದೆ" ಎಂದನು.

ಓಲೆಗರಿಗಳನ್ನು ಓದುವ ಪಂಡಿತನಿಗೆ ಲೆನ್ಸಿನ ಚಿಂತೆಯೇಕೆಂದು ವಾಚಕರು ಕೇಳಬಹುದು. ಆ ಓಲೆಗರಿಗಳ ಚಿತ್ರ ತೆಗೆಯುವ ಸಲುವಾಗಿಯೇ ನಾವು ಬಹುಕಾಲ ಕ್ಯಾಮೆರಾದೊಡನೆ ಹೆಣಗಿದ್ದೇವೆ. ಆ ಅನುಭವದ ಬಲದಿಂದ, ತಾನಾಗಿಯೇ ಫೋಕಸ್ ಮಾಡುವ ದುಬಾರಿ ಲೆನ್ಸ್ ಈ ಕೆಲಸಕ್ಕೆ ಬೇಕಿಲ್ಲ, ಕೈಯಿಂದ ಉಂಗುರ ತಿರುಗಿಸುವ ಅಗ್ಗದ್ದೇ ಸಾಕೆಂದು ಹೇಳಿದೆವು.

ಕಾರಣ ಸರಳವಾದುದು. ಸಂಗಮದೂರ ಕಡಿಮೆಯಾದಷ್ಟೂ ಲೆನ್ಸಿನ ನೋಟ ಅಗಲವಾಗುತ್ತದೆ. ಜೊತೆಗೆ ಸ್ಪಷ್ಟವಾಗಿ ಕಾಣುವ ವಲಯವೂ ಆಳವಾಗುತ್ತದೆ. ನಮ್ಮ ಹುಡುಗನ ಕ್ಯಾಮೆರಾದ ಸಂವೇದಕ ಸುಮಾರು 23.5 ಮಿ.ಮೀ. ಅಗಲದ್ದು. ಅದಕ್ಕೆ 12 ಮಿ.ಮೀ. ಲೆನ್ಸ್ ತೊಡಿಸಿ, ಬೆಳಕಿನ ಕಿಂಡಿಯನ್ನು ಎಫ್ 8ಕ್ಕೆ ಕಿರಿದುಗೊಳಿಸಿ, ಉಂಗುರವನ್ನು ಒಂದು ಮೀಟರಿಗೆ ನಿಲ್ಲಿಸಿದರೆ ಸುಮಾರು ಅರ್ಧ ಮೀಟರಿನಿಂದ ಕಣ್ಣು ಹಾಯುವಷ್ಟು ದೂರದವರೆಗೂ ಎಲ್ಲವೂ ಸ್ಪಷ್ಟ. ಮನೆಯೇನೂ ಓಡಿಹೋಗುವ ವಸ್ತುವಲ್ಲವಷ್ಟೆ!

ಇನ್ನು ಎಷ್ಟು ಅಗಲ ಬೇಕೆಂಬ ಲೆಕ್ಕ. ದೂರವನ್ನು ಸಂವೇದಕದ ಅಗಲದಿಂದ ಗುಣಿಸಿ ಸಂಗಮದೂರದಿಂದ ಭಾಗಿಸಿದರೆ ಚಿತ್ರದಲ್ಲಿ ಬರುವ ಅಗಲ ಸಿಗುತ್ತದೆ. ಹತ್ತು ಅಡಿ ದೂರದ ಗೋಡೆಯಲ್ಲಿ, ಕ್ಯಾಮೆರಾದೊಡನೆ ಬಂದಿದ್ದ 18 ಮಿ.ಮೀ. ಲೆನ್ಸಿಗೆ ಕಾಣುವುದು 13 ಅಡಿ, 12 ಮಿ.ಮೀ.ಗೆ ಹತ್ತೊಂಬತ್ತೂವರೆ ಅಡಿ. ಹುಡುಗ ಮೊದಲು ಮನಸ್ಸು ಮಾಡಿದ್ದು ದಕ್ಷಿಣ ಕೊರಿಯಾದ ಸ್ಯಾಮ್ಯಾಂಗ್ ಸಂಸ್ಥೆಯ 14 ಮಿ.ಮೀ. ಎಫ್ 2.8ಕ್ಕೆ. ಮಿತವ್ಯಯಿಗಳಲ್ಲಿ ಅದು ಹೆಸರಾದುದು ಹೌದು. ಆದರೆ ಅದು 36 ಮಿ.ಮೀ. ಅಗಲದ ಸಂವೇದಕಕ್ಕೆ ರೂಪಿಸಿದ್ದು. ಅಲ್ಲಿ ಸುಮಾರು 26 ಅಡಿ ತೋರಿಸುವ ಲೆನ್ಸು ಇವನ ಕ್ಯಾಮೆರಾದಲ್ಲಿ 17 ಅಡಿಯನ್ನಷ್ಟೇ ತೋರಿಸುತ್ತದೆ. ಮೇಲಾಗಿ ಅದು ನೇರ ಗೆರೆಗಳನ್ನು ಮೀಸೆಯಂತೆ ಅಲೆಯಾಗಿಸುವ ದೋಷವುಳ್ಳದ್ದು, ಕಂಪ್ಯೂಟರಿನಲ್ಲಿ ತಿದ್ದಬೇಕು. ಮುಂದಿನ ಗಾಜು ಉಬ್ಬಿರುವುದರಿಂದ ರಕ್ಷಣೆಯ ಫಿಲ್ಟರನ್ನು ತಿರುಪಿ ಕೂರಿಸುವಂತೆಯೂ ಇಲ್ಲ. ಅದೇ ಸಂಸ್ಥೆ 2014ರಲ್ಲಿ ಹೊರತಂದ 12 ಮಿ.ಮೀ. ಎಫ್ 2 ಇಂಥ ಸಣ್ಣ ಸಂವೇದಕಕ್ಕೆಂದೇ ಮಾಡಿದ್ದು, 67 ಮಿ.ಮೀ. ಫಿಲ್ಟರ್ ಕೂರುತ್ತದೆ. ಆದರೆ ಅದು ಕನ್ನಡಿಯಿಲ್ಲದ ಕ್ಯಾಮೆರಾಗಳಿಗೆ ಮಾತ್ರ. ಒಳಗೆ ಕನ್ನಡಿಯಿರುವ ಹಳೆಯ ಮಾದರಿಯುಳ್ಳವರು ಕೊಳ್ಳಬಾರದು. ಬಳಸಿದ ಲೆನ್ಸೊಂದು ದೊರೆಯಿತು, ಕೊಂಡೆವು.

ಕೊಳ್ಳುವುದಕ್ಕೆ ಮುನ್ನ ಪರಿಚಿತರಿಂದ ಬೇರೊಂದು ಲೆನ್ಸ್ ಎರವಲು ತಂದು ನಾವು ಮೋಸಹೋದದ್ದನ್ನೂ ಹೇಳಬೇಕು. ಉಂಗುರವನ್ನು ಅನಂತದ ಗುರುತಿಗೆ ತಿರುಗಿಸಿ, ಕಿಂಡಿಯನ್ನು ಪೂರ್ಣ ತೆರೆದು ಮೂವತ್ತು ಚಿತ್ರ ತೆಗೆದೆವು. ಮನೆಗೆ ಬಂದು ದೊಡ್ಡ ಪರದೆಯಲ್ಲಿ ನೋಡಿದರೆ ಎಲ್ಲವೂ ಮಸುಕು. ಗುರುತು ಇದ್ದುದು ಒಂದೆಡೆ, ನಿಜವಾದ ಅನಂತ ಇನ್ನೊಂದೆಡೆ! ಈ ಬಗೆಯ ಲೆನ್ಸುಗಳಲ್ಲಿ ಮುದ್ರಿತ ಗುರುತನ್ನು ನಂಬಬಾರದು. ಕ್ಯಾಮೆರಾದ ಪರದೆಯಲ್ಲಿ ಬಿಂಬವನ್ನು ಹಿಗ್ಗಿಸಿ, ದೂರದ ಕಂಬವೊಂದನ್ನು ಸ್ಪಷ್ಟಗೊಳಿಸಿ, ಆ ಜಾಗಕ್ಕೆ ಬಣ್ಣದ ಚುಕ್ಕೆ ಇಟ್ಟುಕೊಳ್ಳಬೇಕು. ವಿದ್ಯುತ್ ಸಂಪರ್ಕವಿಲ್ಲದ ಲೆನ್ಸನ್ನು ಕ್ಯಾಮೆರಾ ಗುರುತಿಸುವುದೂ ಇಲ್ಲ; ಲೆನ್ಸ್ ಇಲ್ಲದೆಯೂ ಚಿತ್ರ ತೆಗೆಯಬಹುದೆಂಬ ಆಯ್ಕೆಯನ್ನು ಅದರ ಪಟ್ಟಿಯಲ್ಲಿ ಹುಡುಕಿ ಒಪ್ಪಿಸಬೇಕು.

ಹೊಸ ಲೆನ್ಸಿನ ಪರೀಕ್ಷೆಗೆಂದು ಮಂಡ್ಯ ತಾಲ್ಲೂಕಿನ ಬಸರಾಳಿಗೆ ಹೋದೆವು. ಅಲ್ಲಿನ ಮಲ್ಲಿಕಾರ್ಜುನ ದೇವಾಲಯ ಹೊಯ್ಸಳ ಎರಡನೆಯ ನರಸಿಂಹನ ಕಾಲದಲ್ಲಿ, 1234ರಲ್ಲಿ, ಹರಿಹರ ದಣ್ಣಾಯಕ ಕಟ್ಟಿಸಿದ್ದು. ಒಳಗಿನ ಮಬ್ಬುಬೆಳಕಿನಲ್ಲಿ ಎಫ್ 2ರ ದೊಡ್ಡ ಕಿಂಡಿಯ ಬೆಲೆ ತಿಳಿಯಿತು. ಕ್ಯಾಮೆರಾವನ್ನು ಕೊಂಚ ಮೇಲಕ್ಕೆ ಎತ್ತಿದರೂ ಕಂಬಗಳೆಲ್ಲ ಒಂದರತ್ತ ಒಂದು ವಾಲಿದವು. ಮಟ್ಟವಾಗಿ ಹಿಡಿದಾಗ ನೆಟ್ಟಗೆ ನಿಂತವು. ಹೊರಗೋಡೆಯ ಶಿಲ್ಪಗಳಿಗೆ ಮಾತ್ರ ಈ ಲೆನ್ಸ್ ತಕ್ಕುದಲ್ಲ. ಗಗನಚುಕ್ಕಿಯನ್ನು ಎದುರಿನ ವೀಕ್ಷಣಾ ಸ್ಥಳದಿಂದ ಇದರಲ್ಲಿ ತೆಗೆದರಂತೂ ಅಷ್ಟು ದೊಡ್ಡ ಜಲಪಾತ ದಾರದೆಳೆಯಾಗಿಬಿಡುತ್ತದೆ. ಇಕ್ಕಟ್ಟಾದ ಜಾಗಕ್ಕೇ ಇದು ಸರಿ.

ಕೆಡವುವ ಹಿಂದಿನ ದಿನ, ಬೆಳಗಿನ ಬಿಸಿಲು ತೊಟ್ಟಿಗೆ ಇಳಿಯುವ ಹೊತ್ತಿಗೆ, ಮನೆಮಂದಿಯನ್ನೆಲ್ಲ ಕೈಸಾಲೆಯಲ್ಲಿ ಕೂರಿಸಿದೆವು. ಕ್ಯಾಮೆರಾವನ್ನು ಮುಕ್ಕಾಲಿಯ ಮೇಲೆ ಎದೆಮಟ್ಟಕ್ಕೆ ನಿಲ್ಲಿಸಿ ಹುಡುಗ ಗುಂಡಿ ಒತ್ತಿದನು. ಎದುರು ಸಾಲಿನ ಆರು ಕಂಬಗಳೂ ಬಂದವು. ದೇವರ ಕೋಣೆಯ ಬಾಗಿಲು, ಅಟ್ಟದ ಏಣಿ, ಗೂಡಿನ ಮೇಲಿನ ದೀಪದ ಮಸಿ ಕೂಡ ಬಂದವು.

ತೊಲೆಗಳೆಲ್ಲ ಗಾಡಿಯೇರಿದ ಮೇಲೆ ಮುದ್ರಿತ ಪ್ರತಿಯನ್ನು ಅಕ್ಕನವರ ಕೈಗಿತ್ತೆವು. ಅವರು ಹುಟ್ಟಿದ್ದು ಆ ನಡುಮನೆಯಲ್ಲಿಯೇ. ಬಹಳ ಹೊತ್ತು ನೋಡಿ, "ಮನೆ ಹಾಗೇ ಬಂದಿದೆ ಕಣಪ್ಪ, ನನ್ನ ಮುಖ ಯಾಕೆ ಹೀಗೆ ಮೊರದಗಲ ಆಗಿದೆ?" ಎಂದರು. ಗೆರೆಗಳನ್ನು ನೇರವಾಗಿ ಉಳಿಸುವ ಅಗಲದ ಲೆನ್ಸು ಅಂಚಿನಲ್ಲಿರುವ ದುಂಡನೆಯದನ್ನು ಹಿಗ್ಗಿಸುತ್ತದೆ. ಹಿರಿಯರನ್ನು ನಡುವೆಯೇ ಕೂರಿಸಬೇಕು. ಇದು ನಮಗೆ ತಿಳಿಯದ ಸಂಗತಿಯೇನಲ್ಲ. ಅಕ್ಕನವರನ್ನು ಆ ಕೊನೆಯ ಕಂಬದ ಪಕ್ಕದಲ್ಲಿ ಕೂರಿಸಿದವರು ನಾವೇ.