ಆರು ತಂತಿಗಳ ಸಿಂಹಾಸನ

1966ರ ಅಕ್ಟೋಬರ್ 1ನೆಯ ತಾರೀಖು. ಲಂಡನ್ನಿನ ರೀಜೆಂಟ್ ಬೀದಿಯ ಪಾಲಿಟೆಕ್ನಿಕ್ ವಿದ್ಯಾಲಯದ ಸಭಾಂಗಣದಲ್ಲಿ ‘ಕ್ರೀಮ್’ ಎಂಬ ಹೊಸ ವಾದ್ಯತಂಡದ ಕಛೇರಿ. ತಂಡದ ಗಿಟಾರ್ ವಾದಕ ಇಪ್ಪತ್ತೊಂದು ವರ್ಷದ ಎರಿಕ್ ಕ್ಲ್ಯಾಪ್ಟನ್. ಆ ದಿನಗಳಲ್ಲಿ ಅವನ ಕೀರ್ತಿ ಎಷ್ಟಿತ್ತೆಂದರೆ, ಕ್ಲ್ಯಾಪ್ಟನ್ನನೇ ದೇವರೆಂದು ಯಾರೋ ಅಭಿಮಾನಿ ಇಸ್ಲಿಂಗ್ಟನ್ ಬಡಾವಣೆಯ ಗೋಡೆಯೊಂದರ ಮೇಲೆ ಬರೆದಿಟ್ಟಿದ್ದ.

ಕಛೇರಿಯ ನಡುವೆ ಒಬ್ಬ ಅಪರಿಚಿತ ತರುಣ ವೇದಿಕೆಯೇರಿದ. ಅಮೆರಿಕದಿಂದ ಬಂದು ಅವನಿಗೆ ಇನ್ನೂ ಒಂದು ವಾರವಾಗಿತ್ತಷ್ಟೆ. ಎಡಗೈಯವನು, ಬಲಗೈಯವರಿಗಾಗಿ ಮಾಡಿದ ಗಿಟಾರನ್ನೇ ತಲೆಕೆಳಗಾಗಿ ಹಿಡಿದು, ತಂತಿಗಳನ್ನು ಹಿಂದುಮುಂದಾಗಿ ಬಿಗಿದುಕೊಂಡು ನುಡಿಸುವವನು. ಹೌಲಿನ್ ವುಲ್ಫ್ ಎಂಬ ಹಿರಿಯ ಗಾಯಕನ ‘ಕಿಲ್ಲಿಂಗ್ ಫ್ಲೋರ್’ ಹಾಡನ್ನು ಎತ್ತಿಕೊಂಡು ಅವನು ಎಂಥ ವೇಗದಲ್ಲಿ ನುಡಿಸಿದನೆಂದರೆ, ಕ್ಲ್ಯಾಪ್ಟನ್ನನ ಕೈ ತಂತಿಯ ಮೇಲಿಂದ ತಾನಾಗಿ ಜಾರಿತು. ಅವನು ವೇದಿಕೆಯ ಮರೆಗೆ ನಡೆದುಬಿಟ್ಟ. ತರುಣನನ್ನು ಕರೆತಂದಿದ್ದ ಚಾಸ್ ಚ್ಯಾಂಡ್ಲರ್ ಒಳಗೆ ಹೋಗಿ ನೋಡಿದಾಗ, ನಡುಗುವ ಕೈಗಳಿಂದ ಕ್ಲ್ಯಾಪ್ಟನ್ ಸಿಗರೇಟು ಹಚ್ಚಲು ಹೆಣಗುತ್ತಿದ್ದನಂತೆ. ಬಂದವನ ಹೆಸರು ಜಿಮಿ ಹೆಂಡ್ರಿಕ್ಸ್.

ರಾಕ್ ಸಂಗೀತದ ಅತಿ ಶ್ರೇಷ್ಠ ಗಿಟಾರ್ ವಾದಕ ಯಾರು ಎಂಬ ವಾದ ಅಂದಿನಿಂದಲೂ ನಿಂತಿಲ್ಲ. ಗೆಳೆಯರ ಕೂಟದಲ್ಲಿ ಈ ಮಾತೊಮ್ಮೆ ಎದ್ದಿತೆಂದರೆ ಕಾಫಿ ಆರಿದರೂ ವಾದ ಆರುವುದಿಲ್ಲ. 2003ರ ಏಪ್ರಿಲ್‌ನಲ್ಲಿ ರೋಲಿಂಗ್ ಸ್ಟೋನ್ಸ್ ತಂಡದ ಕೀತ್ ರಿಚರ್ಡ್ಸ್‌ನನ್ನೂ, 2011ರ ಅಕ್ಟೋಬರ್‌ನಲ್ಲಿ ಮೆಟಾಲಿಕಾ ತಂಡವನ್ನೂ ಅರಮನೆ ಮೈದಾನದಲ್ಲಿ ನಿಂತು ಕೇಳಿದ ಬೆಂಗಳೂರಿನ ತರುಣರಿಗೂ ಈ ಜಗಳ ಹೊಸದಲ್ಲ. ಆದರೆ ವಾದಿಸುವವರೆಲ್ಲರೂ ಅಳೆಯುತ್ತಿರುವುದು ಒಂದೇ ವಸ್ತುವನ್ನೇ?

ವಾದ್ಯದ ಮರ್ಮವನ್ನು ಮೊದಲು ತಿಳಿಯಬೇಕು. ವಿದ್ಯುತ್ ಗಿಟಾರಿನ ಉಕ್ಕಿನ ತಂತಿಗಳ ಕೆಳಗೆ ಅಯಸ್ಕಾಂತವಿದೆ. ಅದರ ಸುತ್ತ ಕೂದಲೆಳೆಯಂಥ ತಾಮ್ರದ ಸುರುಳಿ. ಮೀಟಿದ ತಂತಿ ಕಂಪಿಸಿದೊಡನೆ ಸುರುಳಿಯಲ್ಲಿ ಸೂಕ್ಷ್ಮವಾದ ವಿದ್ಯುತ್ ಹುಟ್ಟುತ್ತದೆ. ಆಂಪ್ಲಿಫೈಯರ್ ಅದನ್ನು ನೂರ್ಮಡಿಸಿ ನಾದವಾಗಿ ಹೊರಗೆ ಕಳುಹಿಸುತ್ತದೆ. ಎಡಗೈ ಬೆರಳು ತಂತಿಯನ್ನು ಮೆಟ್ಟಿಲಿನ ಮೇಲೆ ಪಕ್ಕಕ್ಕೆ ಎಳೆದರೆ ಸ್ವರ ಮೇಲಕ್ಕೆ ಜಾರುತ್ತದೆ; ವೀಣೆಯ ಗಮಕವನ್ನು ಬಲ್ಲ ಕಿವಿಗೆ ಇದು ತೀರ ಅಪರಿಚಿತವೇನಲ್ಲ. ಅಬ್ಬರದ ನಾದ ಮರಳಿ ತಂತಿಗೇ ಬಡಿದು, ತಂತಿ ತಾನಾಗಿ ಕೂಗತೊಡಗುವುದೂ ಉಂಟು. ಉಳಿದವರು ದೋಷವೆಂದು ಅಡಗಿಸುತ್ತಿದ್ದ ಈ ಕೂಗನ್ನೇ ಹೆಂಡ್ರಿಕ್ಸ್ ಪಳಗಿಸಿದ. 1969ರ ಆಗಸ್ಟ್ 18ರ ಬೆಳಗ್ಗೆ, ವುಡ್‌ಸ್ಟಾಕ್ ಉತ್ಸವದಲ್ಲಿ ಅವನು ಅಮೆರಿಕದ ರಾಷ್ಟ್ರಗೀತೆಯನ್ನು ನುಡಿಸಿದಾಗ, ಸ್ವರಗಳ ನಡುವೆ ಬಾಂಬು ಬೀಳುವ ಸದ್ದೂ ಅಪಾಯದ ಸೈರನ್ನೂ ಕೇಳಿದಂತಾಯಿತು. ವಿಯೆಟ್ನಾಂ ಯುದ್ಧ ನಡೆಯುತ್ತಿದ್ದ ಕಾಲ ಅದು. ಮರುವರ್ಷದ ಸೆಪ್ಟೆಂಬರ್‌ನಲ್ಲಿ, ಇಪ್ಪತ್ತೇಳನೆಯ ವಯಸ್ಸಿನಲ್ಲಿ, ಅವನು ಲಂಡನ್ನಿನಲ್ಲಿ ತೀರಿಕೊಂಡ. ಕೀರ್ತಿಯ ಬಾಳು ನಾಲ್ಕೇ ವರ್ಷ. ಬದುಕಿದ್ದಾಗ ಹೊರಬಂದ ಸ್ಟುಡಿಯೋ ಆಲ್ಬಮ್ಮುಗಳು ಮೂರೇ.

ನಾದದ ಹೊಸತನವೇ ಅಳತೆಗೋಲಾದರೆ ಹೆಂಡ್ರಿಕ್ಸ್‌ಗೆ ಎದುರಾಳಿಯಿಲ್ಲ. ಆದರೆ ಬಿ. ಬಿ. ಕಿಂಗ್‌ನ ಅಭಿಮಾನಿ ಇದನ್ನು ಸುಲಭವಾಗಿ ಒಪ್ಪುವವನಲ್ಲ. 1949ರ ಚಳಿಗಾಲದಲ್ಲಿ ಆರ್ಕನ್ಸಾ ಸಂಸ್ಥಾನದ ಟ್ವಿಸ್ಟ್ ಎಂಬ ಊರಿನ ಕುಣಿತದ ಮನೆಯೊಂದರಲ್ಲಿ ಕಿಂಗ್ ನುಡಿಸುತ್ತಿದ್ದಾಗ, ಇಬ್ಬರು ಜಗಳವಾಡಿ, ಮನೆ ಬೆಚ್ಚಗಿರಲೆಂದು ಹಚ್ಚಿಟ್ಟಿದ್ದ ಸೀಮೆಎಣ್ಣೆಯ ಪೀಪಾಯಿ ಉರುಳಿ ಬೆಂಕಿಯೆದ್ದಿತು. ಹೊರಗೆ ಓಡಿಬಂದ ಕಿಂಗ್, ಗಿಟಾರು ಒಳಗೇ ಉಳಿಯಿತೆಂದು ಉರಿಯುವ ಮನೆಗೆ ಮರಳಿ ನುಗ್ಗಿದ. ಜಗಳ ಲೂಸಿಲ್ ಎಂಬ ಹೆಂಗಸಿಗಾಗಿ ಎಂದು ಮರುದಿನ ತಿಳಿಯಿತು. ಇಂಥ ಹುಚ್ಚು ಸಾಹಸ ಮತ್ತೆ ಮಾಡಬಾರದೆಂಬ ನೆನಪಿಗಾಗಿ ತನ್ನ ಗಿಟಾರಿಗೆ ಆ ಹೆಸರನ್ನೇ ಇಟ್ಟ. ಈ ಕಿಂಗ್ ತನಗೆ ಕಾರ್ಡ್ ನುಡಿಸಲು ಬಾರದೆಂದು, ಅಂದರೆ ಹಲವು ಸ್ವರಗಳನ್ನು ಒಟ್ಟಿಗೆ ಹೊಮ್ಮಿಸಲು ಬಾರದೆಂದು, ಬಾಯಿಬಿಟ್ಟು ಹೇಳಿದವನು. ಹಾಡುವಾಗ ನುಡಿಸುತ್ತಿರಲಿಲ್ಲ, ನುಡಿಸುವಾಗ ಹಾಡುತ್ತಿರಲಿಲ್ಲ. ಆದರೆ ಅವನ ಬೆರಳು ಒಂದೇ ಒಂದು ಸ್ವರವನ್ನು ಹಿಡಿದು ನಡುಗಿಸಿದರೆ ಕೇಳುಗರ ಕೊರಳು ಕಟ್ಟುತ್ತಿತ್ತು. ವೇಗವೊಂದೇ ಹಿರಿಮೆಯಾದರೆ ಕಚೇರಿಯ ಟೈಪಿಸ್ಟರೆಲ್ಲ ವಿದ್ವಾಂಸರಾಗಬೇಕಾಗುತ್ತದೆ!

ಆದರೂ ವೇಗವನ್ನು ತಳ್ಳಿಹಾಕುವಂತಿಲ್ಲ. 1978ರಲ್ಲಿ ಎಡ್ಡಿ ವ್ಯಾನ್ ಹೇಲನ್ ಎರಡು ನಿಮಿಷವೂ ತುಂಬದ ‘ಇರಪ್ಷನ್’ ನುಡಿಸಿದಾಗ ಜಗತ್ತಿನ ಗಿಟಾರ್ ಕಲಿಯುವ ಹುಡುಗರ ನಿದ್ದೆ ಕೆಟ್ಟಿತು. ಬಲಗೈ ಬೆರಳುಗಳನ್ನೂ ಮೆಟ್ಟಿಲುಗಳ ಮೇಲಕ್ಕೆ ತಂದು ತಟ್ಟುವ ಅವನ ಕ್ರಮ ಮುಂದೆ ಒಂದು ಪೀಳಿಗೆಗೇ ಪಾಠವಾಯಿತು. ಗಿಟಾರೂ ಅಂಗಡಿಯದಲ್ಲ, ಬಿಡಿಭಾಗಗಳನ್ನು ಕೊಂಡು ತಾನೇ ಜೋಡಿಸಿಕೊಂಡದ್ದು.

ಇನ್ನು ಬರ್ಮಿಂಗ್‌ಹ್ಯಾಮಿನ ಟೋನಿ ಅಯೋಮಿಯ ಕಥೆ ಬೇರೆಯೇ. 1965ರಲ್ಲಿ, ಹದಿನೇಳನೆಯ ವಯಸ್ಸಿನಲ್ಲಿ, ತಗಡಿನ ಕಾರ್ಖಾನೆಯ ಯಂತ್ರಕ್ಕೆ ಸಿಕ್ಕಿ ಅವನ ಬಲಗೈಯ ಎರಡು ಬೆರಳುಗಳ ತುದಿ ಹಾರಿಹೋಯಿತು. ಅವನೂ ಎಡಗೈಯವನು, ಆದ್ದರಿಂದ ಸ್ವರ ಹಿಡಿಯುವ ಕೈಯೇ ಊನವಾದಂತಾಯಿತು. ಕಾರ್ಖಾನೆಯ ಮೇಸ್ತ್ರಿ ಅವನಿಗೊಂದು ಗ್ರಾಮಫೋನ್ ತಟ್ಟೆ ತಂದುಕೊಟ್ಟ. ಬೆಂಕಿಯಲ್ಲಿ ಕೈ ಸುಟ್ಟುಕೊಂಡು, ಎರಡೇ ಬೆರಳಿನಿಂದ ಯೂರೋಪನ್ನು ಬೆರಗುಗೊಳಿಸಿದ ಜ್ಯಾಂಗೋ ರೈನ್‌ಹಾರ್ಟ್‌ನ ವಾದನ ಅದರಲ್ಲಿತ್ತು. ಅದನ್ನು ಕೇಳಿದ ಅಯೋಮಿ ಪ್ಲಾಸ್ಟಿಕ್ ಸೀಸೆಯನ್ನು ಕರಗಿಸಿ ಬೆರಳುಗಳಿಗೆ ಟೊಪ್ಪಿಗೆ ಮಾಡಿಕೊಂಡ. ನೋವು ತಗ್ಗಲೆಂದು ತೆಳುತಂತಿ ಕಟ್ಟಿದ. ಮುಂದೆ ಶ್ರುತಿಯನ್ನೂ ಇಳಿಸಿ ತಂತಿ ಸಡಿಲಿಸಿದ. ‘ಬ್ಲ್ಯಾಕ್ ಸಬ್ಬತ್’ ತಂಡದ ಆ ಗಂಭೀರವಾದ, ಭಾರವಾದ ನಾದದಿಂದ ಹೆವಿ ಮೆಟಲ್ ಎಂಬ ಒಂದು ಪ್ರಕಾರವೇ ಬೆಳೆಯಿತು. ಇಂಥವನನ್ನು ವೇಗದ ತಕ್ಕಡಿಯಲ್ಲಿ ತೂಗುವುದು ನ್ಯಾಯವೇ?

ತೂಗುವವರು ಮಾತ್ರ ತೂಗುತ್ತಲೇ ಇದ್ದಾರೆ. ಅಮೆರಿಕದ ‘ರೋಲಿಂಗ್ ಸ್ಟೋನ್’ ಪತ್ರಿಕೆ ಮೂರು ಸಲ ಇಂಥ ಪಟ್ಟಿಯನ್ನು ಪ್ರಕಟಿಸಿತು. 2003ರ ಪಟ್ಟಿ ಡೇವಿಡ್ ಫ್ರಿಕ್ ಎಂಬ ವಿಮರ್ಶಕನದು. 2011ರದು ಬಹುಮಟ್ಟಿಗೆ ವಾದಕರೇ ಮತ ಹಾಕಿದ್ದು. 2023ರದು ಪತ್ರಿಕೆಯ ಬರಹಗಾರರದು, ಅದರಲ್ಲಿ 250 ಹೆಸರು. ಮೂರರಲ್ಲಿಯೂ ಮೊದಲ ಸ್ಥಾನ ಹೆಂಡ್ರಿಕ್ಸ್‌ನದೇ. ಅದರ ಕೆಳಗೆ ಮಾತ್ರ ಗೊಂದಲವೋ ಗೊಂದಲ. ವ್ಯಾನ್ ಹೇಲನ್ 2003ರಲ್ಲಿ ಎಪ್ಪತ್ತನೆಯವನು, 2011ರಲ್ಲಿ ಎಂಟನೆಯವನು! ನಡುವಣ ಎಂಟು ವರ್ಷಗಳಲ್ಲಿ ಅವನು ಹೊಸ ಹಾಡುಗಳ ಒಂದು ಪೂರ್ಣ ಆಲ್ಬಮ್ಮನ್ನೂ ಹೊರತಂದಿರಲಿಲ್ಲ. ಬೆರಳುಗಳು ಅವೇ, ತಟ್ಟೆಗಳೂ ಅವೇ, ಬದಲಾದವರು ತೀರ್ಪುಗಾರರು. 2011ರಲ್ಲಿ ಎರಡನೆಯವನಾಗಿದ್ದ ಕ್ಲ್ಯಾಪ್ಟನ್ 2023ರಲ್ಲಿ ಮೊದಲ ಹತ್ತರೊಳಗೂ ಇಲ್ಲ. ಆರನೆಯ ಸ್ಥಾನದಿಂದ ಏಳಕ್ಕೆ ಇಳಿದಿದ್ದ ಚಕ್ ಬೆರಿ ಎರಡಕ್ಕೆ ಏರಿದ. 1977ರಲ್ಲಿ ವಾಯೇಜರ್ ನೌಕೆಗಳು ಮನುಕುಲದ ಸಂದೇಶವಾಗಿ ಅಂತರಿಕ್ಷಕ್ಕೆ ಹೊತ್ತ ಚಿನ್ನದ ಲೇಪದ ತಟ್ಟೆಯಲ್ಲಿ ಅವನ ‘ಜಾನಿ ಬಿ. ಗೂಡ್’ ಹಾಡಿದೆ. ಭೂಮಿಯ ಮೇಲಿನ ಪಟ್ಟಿಗಳಿಂದ ಅವನಿಗೆ ಆಗಬೇಕಾದ್ದು ಅಷ್ಟಕ್ಕಷ್ಟೆ.

2003ರ ನೂರು ಹೆಸರುಗಳಲ್ಲಿ ಸ್ತ್ರೀಯರು ಇಬ್ಬರೇ: ಜೋನ್ ಜೆಟ್ ಮತ್ತು ಜೋನಿ ಮಿಚೆಲ್. ಬಾಲ್ಯದ ಪೋಲಿಯೋದಿಂದ ಎಡಗೈ ದುರ್ಬಲವಾಗಿದ್ದ ಮಿಚೆಲ್, ಕಠಿಣವಾದ ಬೆರಳುಗಾರಿಕೆಯನ್ನು ತಪ್ಪಿಸಲು ತಂತಿಗಳ ಶ್ರುತಿಯನ್ನೇ ಹತ್ತಾರು ಬಗೆಯಲ್ಲಿ ಬದಲಿಸಿ, ಬೇರಾರಿಗೂ ಹೊಳೆಯದ ಸ್ವರಸಂಗತಿಗಳನ್ನು ಕಂಡವಳು. ಅಂದು ಆಕೆಗೆ 72ನೆಯ ಸ್ಥಾನ, 2023ರಲ್ಲಿ ಒಂಬತ್ತನೆಯದು.

ಆದರೆ ಆ ನೂರರಲ್ಲಿ ಇರಲೇಬೇಕಾಗಿದ್ದ ಇನ್ನೊಬ್ಬಾಕೆ ಇರಲಿಲ್ಲ. ಸಿಸ್ಟರ್ ರೊಸೆಟಾ ಥಾರ್ಪ್ 1915ರಲ್ಲಿ ಆರ್ಕನ್ಸಾದ ಕಾಟನ್ ಪ್ಲಾಂಟ್ ಎಂಬ ಊರಿನಲ್ಲಿ ಹುಟ್ಟಿದಳು. ತಾಯಿ ಕ್ರೈಸ್ತ ಪ್ರಚಾರಕಿ; ಮಗಳು ಎಳೆಯ ವಯಸ್ಸಿನಲ್ಲೇ ಗಿಟಾರು ಹಿಡಿದು ಸಭೆಗಳಲ್ಲಿ ಭಕ್ತಿಗೀತೆ ನುಡಿಸಿದಳು. 1938ರಲ್ಲಿ ಆ ಗೀತೆಗಳನ್ನು ನ್ಯೂಯಾರ್ಕಿನ ಕಾಟನ್ ಕ್ಲಬ್ಬಿಗೆ ಒಯ್ದಾಗ, ದೇವರ ಹಾಡನ್ನು ಮದ್ಯದ ಮನೆಗೆ ತಂದಳೆಂದು ಭಕ್ತರು ಮುನಿದರು. ಆಕೆ ಜಗ್ಗಲಿಲ್ಲ. ವಿದ್ಯುತ್ ಗಿಟಾರನ್ನು ಕೈಗೆತ್ತಿಕೊಂಡು, ರಾಕ್ ಎಂಬ ಪ್ರಕಾರ ಇನ್ನೂ ರೂಪುಗೊಳ್ಳುವ ಮುನ್ನವೇ ಅದರ ಕಾವನ್ನು ತಂತಿಗಳಿಂದ ಹೊಮ್ಮಿಸಿದಳು. 1947ರಲ್ಲಿ ಮೇಕನ್ ನಗರದಲ್ಲಿ ಹದಿನಾಲ್ಕು ವರ್ಷದ ಹುಡುಗನೊಬ್ಬನನ್ನು ತನ್ನ ವೇದಿಕೆಯಲ್ಲಿ ಹಾಡಿಸಿದಳು; ಅವನೇ ಮುಂದೆ ಲಿಟ್ಲ್ ರಿಚರ್ಡ್ ಎಂದು ಪ್ರಸಿದ್ಧನಾದ. 1951ರಲ್ಲಿ ವಾಷಿಂಗ್ಟನ್ನಿನ ಕ್ರೀಡಾಂಗಣದಲ್ಲಿ ನಡೆದ ಆಕೆಯ ಮದುವೆಗೆ ಇಪ್ಪತ್ತು ಸಾವಿರಕ್ಕೂ ಮಿಕ್ಕಿ ಜನ ಟಿಕೆಟು ಕೊಂಡು ಬಂದರು. ವಧು ಮದುವೆಯ ಉಡುಪಿನಲ್ಲೇ ಗಿಟಾರು ನುಡಿಸಿದಳು.

1964ರ ಮೇ ತಿಂಗಳಲ್ಲಿ ಆಕೆ ಇಂಗ್ಲೆಂಡಿಗೆ ಬಂದಾಗ, ಮ್ಯಾಂಚೆಸ್ಟರಿನ ಹಳೆಯ ರೈಲು ನಿಲ್ದಾಣವೊಂದರಲ್ಲಿ ದೂರದರ್ಶನಕ್ಕಾಗಿ ಕಛೇರಿ ಏರ್ಪಟ್ಟಿತು. ಅತ್ತಣ ಪ್ಲಾಟ್‌ಫಾರಮ್ಮಿನಲ್ಲಿ ವೇದಿಕೆ, ಹಳಿಗಳ ಇತ್ತ ತರುಣ ಶ್ರೋತೃಗಳು. ಮಳೆ ಸುರಿದಿತ್ತು. ಸಾರೋಟಿನಿಂದಿಳಿದ ಆಕೆ ಕೋಟು ತೊಟ್ಟಂತೆಯೇ ಬಿಳಿಯ ಗಿಟಾರನ್ನು ಹೆಗಲಿಗೇರಿಸಿ, ಮಳೆಯನ್ನು ಕುರಿತ ಹಾಡನ್ನೇ ಎತ್ತಿಕೊಂಡಳು. ಆ ಚಿತ್ರ ಉಳಿದುಬಂದಿದೆ. ಐವತ್ತರ ಸಮೀಪದ ಆ ಹೆಂಗಸು ನೆನೆದ ಪ್ಲಾಟ್‌ಫಾರಮ್ಮಿನ ಮೇಲೆ ನಗುನಗುತ್ತ ತಂತಿಗಳನ್ನು ಕುಣಿಸುವುದನ್ನು ಇಂದಿಗೂ ನೋಡಬಹುದು.

1973ರ ಅಕ್ಟೋಬರ್‌ನಲ್ಲಿ ಫಿಲಡೆಲ್ಫಿಯಾದಲ್ಲಿ ಆಕೆ ಕಣ್ಮುಚ್ಚಿದಳು. ಅಷ್ಟರಲ್ಲಿ ಮಧುಮೇಹದಿಂದ ಒಂದು ಕಾಲನ್ನು ಕಳೆದುಕೊಂಡಿದ್ದಳು. ಸಮಾಧಿಯ ಮೇಲೆ ಹೆಸರಿನ ಕಲ್ಲು ಕೂಡ ಇರಲಿಲ್ಲ. ಮೂವತ್ತೈದು ವರ್ಷಗಳ ಮೇಲೆ, 2008ರಲ್ಲಿ, ಸಹಾಯಾರ್ಥ ಕಛೇರಿಯೊಂದು ನಡೆದು ಕಲ್ಲಿಗೆ ಹಣ ಕೂಡಿತು. 2018ರಲ್ಲಿ ರಾಕ್ ಸಂಗೀತದ ‘ಹಾಲ್ ಆಫ್ ಫೇಮ್’ ಆಕೆಯನ್ನು ಬರಮಾಡಿಕೊಂಡಿತು. 2023ರ ಪಟ್ಟಿಯಲ್ಲಿ ಆಕೆಗೆ ಆರನೆಯ ಸ್ಥಾನ, ಬಿ. ಬಿ. ಕಿಂಗ್‌ಗಿಂತ ಎರಡು ಮೆಟ್ಟಿಲು ಮೇಲೆ. ಆಕೆ ತೀರಿಕೊಂಡು ಐವತ್ತು ತುಂಬಿದ ವರ್ಷ ಅದು.