ಎತ್ತುವ ಕೈ, ಹೊರುವ ಹೆಗಲು

ಭಾರವನ್ನು ಎತ್ತುವುದು ಒಂದು ಕಾರ್ಯ. ಎತ್ತಿದ್ದನ್ನು ಹೊತ್ತು ನಿಲ್ಲುವುದು ಮತ್ತೊಂದು. ಮನೆಯಂಗಳದಲ್ಲಿ ಕಾರಿನ ರಿಪೇರಿಗೆ ತೊಡಗುವ ಗೃಹಸ್ಥರು ಈ ಭೇದವನ್ನು ಮರೆತಾಗಲೇ ಅನಾಹುತವು ಸಂಭವಿಸುತ್ತದೆ.

ಹೈಡ್ರಾಲಿಕ್ ಜಾಕು ಫ್ರೆಂಚ್ ವಿಜ್ಞಾನಿ ಪಾಸ್ಕಲನ ತತ್ತ್ವದ ಫಲ. ಮುಚ್ಚಿದ ಪಾತ್ರೆಯ ದ್ರವದಲ್ಲಿ ಒತ್ತಡವು ಎಲ್ಲೆಡೆಗೂ ಸಮನಾಗಿ ಹರಡುತ್ತದೆ. ಆದುದರಿಂದ 1 ಚದರ ಸೆಂಟಿಮೀಟರ್ ಪಿಸ್ಟನಿನ ಮೇಲೆ 10 ಕಿಲೋ ಭಾರ ಹೇರಿದರೆ, 20 ಚದರ ಸೆಂಟಿಮೀಟರ್ ಪಿಸ್ಟನು 200 ಕಿಲೋ ಎತ್ತಬಲ್ಲುದು. ಅದ್ಭುತವೇ ಸರಿ! ಆದರೆ ಆ ಭಾರವೆಲ್ಲವೂ ನಿಂತಿರುವುದು ಎಣ್ಣೆಯ ಮೇಲೆ. ಸೀಲು ಸವೆದರೆ, ಕವಾಟ ಸಡಿಲಿದರೆ, ಜಾಕು ಕುಸಿಯುತ್ತದೆ. ಎತ್ತಲು ಜಾಕು, ಹೊರಲು ಉಕ್ಕಿನ ಸ್ಟ್ಯಾಂಡು, ಇದೇ ನಿಯಮ. ಇಟ್ಟಿಗೆಗಳ ರಾಶಿಯಂತೂ ಸಲ್ಲದು. ಅದು ಮುನ್ಸೂಚನೆಯಿಲ್ಲದೆ ಪುಡಿಯಾಗುತ್ತದೆ.

1983ರಲ್ಲಿ ಬಂದು ಭಾರತದ ಮಧ್ಯಮವರ್ಗದ ಅಂಗಳಗಳನ್ನು ಹೊಕ್ಕ ಮಾರುತಿ 800ರಲ್ಲಿ ಎಂಜಿನು ಅಡ್ಡಲಾಗಿ ಕುಳಿತಿದೆ. ಅದು ಅಲುಗದಂತೆ ಹಿಡಿದಿರುವುವು ರಬ್ಬರಿನ ಮೌಂಟುಗಳು. ಇಂಥ ಕಾರಿನಲ್ಲಿ ಸವೆದ ಮೌಂಟನ್ನು ಬದಲಿಸುವಾಗ ಎಂಜಿನಿಗೆ ಬೇರೆ ಆಸರೆ ಬೇಕು. ಸಮತಟ್ಟಾದ ನೆಲ, ಚಕ್ರಗಳಿಗೆ ತಡೆ, ತಣಿದ ಎಂಜಿನು, ಕಳಚಿದ ಬ್ಯಾಟರಿ ತಂತಿ, ಇವು ಮೊದಲಾಗಬೇಕು. ಎಂಜಿನಿನ ತಳದ ಎಣ್ಣೆ ತಟ್ಟೆ ತೆಳುತಗಡಿನದು. ಜಾಕಿನ ತಲೆ ನೇರವಾಗಿ ತಾಗಿದರೆ ಅದು ತಗ್ಗಿ, ಒಳಗಿನ ಎಣ್ಣೆ ಹೀರುವ ನಳಿಕೆಗೇ ಅಡ್ಡಿಯಾದೀತು. ನಡುವೆ ಅಗಲವಾದ ಮರದ ಹಲಗೆ ಇರಲಿ. ಮೌಂಟಿನ ಮೇಲಣ ಭಾರ ಕಳೆಯುವಷ್ಟು ಮಾತ್ರ ಎತ್ತಬೇಕು. ಹೆಚ್ಚು ಎತ್ತಿದರೆ ಕೊಳವೆಗಳೂ ತಂತಿಗಳೂ ಹರಿಯುತ್ತವೆ. ಬಳಿಕ ಎಂಜಿನು ಗೂಡಿನ ಎರಡು ಅಂಚುಗಳ ಮೇಲೆ ಆಧಾರದ ಅಡ್ಡದಂಡವನ್ನಿಟ್ಟು, ಎಂಜಿನಿನ ಎತ್ತುಬಳೆಗಳಿಗೆ ಸರಪಳಿ ಬಿಗಿದರೆ ಜಾಕೊಂದನ್ನೇ ನಂಬಬೇಕಾಗಿಲ್ಲ.

ಎಂಜಿನನ್ನೇ ಹೊರತೆಗೆಯುವುದಾದರೆ ಕ್ರೇನು ಬೇಕು. ಮನೆಯ ತೊಲೆಯಾಗಲಿ ಮಾವಿನ ಕೊಂಬೆಯಾಗಲಿ ಅದಕ್ಕೆ ತಕ್ಕುದಲ್ಲ. ಕ್ರೇನಿನ ತೋಳು ಉದ್ದವಾದಷ್ಟೂ ಅದರ ಸಾಮರ್ಥ್ಯ ಕುಗ್ಗುತ್ತದೆ. ಸರಪಳಿಯ ಓರೆಯನ್ನೂ ಗಮನಿಸಬೇಕು. 100 ಕಿಲೋ ಭಾರವನ್ನು ಎರಡು ಎಳೆಗಳು ನೆಟ್ಟಗೆ ಹೊತ್ತರೆ ಒಂದೊಂದಕ್ಕೆ 50 ಕಿಲೋ. ಅವು ಅಡ್ಡಗೆರೆಗೆ 30 ಡಿಗ್ರಿಯಷ್ಟು ಬಾಗಿದ್ದರೆ ಒಂದೊಂದರ ಮೇಲೂ ಪೂರ್ತಿ 100 ಕಿಲೋ ಸೆಳೆತ! ಹೊರಬಂದ ಎಂಜಿನನ್ನು ಕೂಡಲೇ ಕೆಳಗಿಳಿಸಿ, ಆದಷ್ಟು ತಗ್ಗಿನಲ್ಲಿಯೇ ಸಾಗಿಸಿ, ಭದ್ರವಾದ ಪೀಠದ ಮೇಲೆ ಕೂರಿಸಬೇಕು.

ತೂಗುವ ಭಾರದ ಕೆಳಗೆ ಕೈಯನ್ನಾಗಲಿ ತಲೆಯನ್ನಾಗಲಿ ಒಡ್ಡಲಾಗದು. ಕುತೂಹಲದಿಂದ ಇಣುಕುವ ಮಕ್ಕಳನ್ನು ಮೊದಲು ದೂರವಿರಿಸಬೇಕು. ಬಿಡಿಭಾಗ ಕೆಟ್ಟರೆ ಅಂಗಡಿಯಲ್ಲಿ ಮತ್ತೊಂದು ದೊರೆಯುತ್ತದೆ; ಬೆರಳಿಗೆ ಅಂಗಡಿಯಿಲ್ಲ.