ಸಂಪಂಗಿ ಕೆರೆಯಿಂದ ಕಂಠೀರವ ಕ್ರೀಡಾಂಗಣದವರೆಗೆ

ನಮ್ಮ ಸಂಘದ ಸ್ಮರಣ ಸಂಚಿಕೆಯಲ್ಲಿ ಆರೋಗ್ಯವನ್ನು ಕುರಿತ ಲೇಖನಗಳಿಗೆ ಎಂದೂ ಕೊರತೆಯಿಲ್ಲ. ರಕ್ತದೊತ್ತಡ, ಮಧುಮೇಹಗಳ ವಿಷಯವನ್ನು ವೈದ್ಯಮಿತ್ರರು ಅಧಿಕಾರವಾಣಿಯಿಂದ ಬರೆಯಬಲ್ಲರು. ವಾಣಿಜ್ಯ ಪದವಿ ಪಡೆದು, ಬ್ಯಾಂಕಿನ ಲೆಕ್ಕಪತ್ರಗಳ ನಡುವೆ ನಲವತ್ತು ದಾಟಿದ ನನಗೆ ಆ ಅಧಿಕಾರವಿಲ್ಲ. ಆದರೆ ಔಷಧಕ್ಕಿಂತ ಮೊದಲು ದೇಹಕ್ಕೆ ಬೇಕಾದದ್ದು ಓಡಾಡಲು ಒಂದಿಷ್ಟು ನೆಲ. ಅಂಥ ಒಂದು ನೆಲದ ಕಥೆಯನ್ನು ಓದುಗರ ಮುಂದಿಡುವುದು ಅಪ್ರಸ್ತುತವಾಗಲಾರದೆಂದು ನಂಬಿದ್ದೇನೆ.

ಕೆಲವು ವರ್ಷಗಳ ಹಿಂದೆ ದೆಹಲಿಯ ನೆಹರೂ ಕ್ರೀಡಾಂಗಣದಲ್ಲಿ ಬೆಂಗಳೂರು ಎಫ್.ಸಿ. ತಂಡವು ದೆಹಲಿ ಡೈನಮೋಸ್ ತಂಡವನ್ನು ಎದುರಿಸಿದಾಗ ಮಗನನ್ನು ಕರೆದುಕೊಂಡು ಹೋಗಿದ್ದೆ. ಇದು ದೆಹಲಿಯವರ ತವರು ಮೈದಾನವೆಂದು ವಿವರಿಸಿದಾಗ ಅವನು, “ಹಾಗಾದರೆ ನಮ್ಮವರ ತವರು ಎಲ್ಲಿ, ಅಪ್ಪ?” ಎಂದು ಕೇಳಿದ. ಶ್ರೀ ಕಂಠೀರವ ಕ್ರೀಡಾಂಗಣ ಎಂದೆ. “ಅದಕ್ಕೂ ಮೊದಲು ಅಲ್ಲಿ ಏನಿತ್ತು?” ಎಂದ. “ಕೆರೆಯಿತ್ತು” ಎಂದೆ. ಅವನು ನಂಬಲಿಲ್ಲ.

ನಂಬುವುದು ಕಷ್ಟವೇ ಸರಿ. ಹಳೆಯ ಪೇಟೆಗೂ ದಂಡು ಪ್ರದೇಶಕ್ಕೂ ನಡುವೆ, ಕಬ್ಬನ್ ಉದ್ಯಾನದ ಮಗ್ಗುಲಲ್ಲಿ ಸಂಪಂಗಿ ಕೆರೆ ಹರಡಿಕೊಂಡಿತ್ತು. ಕುಡಿಯಲು ನೀರು, ತಿಗಳ ಸಮುದಾಯದವರ ಹೂವು-ತರಕಾರಿ ತೋಟಗಳಿಗೆ ನೀರು, ದನಕರುಗಳಿಗೆ ಮೇವು — ಎಲ್ಲಕ್ಕೂ ಅದು ಆಧಾರ. 1896ರಲ್ಲಿ ಹೆಸರಘಟ್ಟದಿಂದ ಅರ್ಕಾವತಿಯ ನೀರು ಕೊಳವೆಗಳಲ್ಲಿ ನಗರಕ್ಕೆ ಹರಿದು ಬಂದ ಮೇಲೆ ನಗರವು ಕೆರೆಯ ಋಣವನ್ನು ಮರೆಯತೊಡಗಿತು. ಒಣಗಿದ ಅಂಗಳದಲ್ಲಿ ಪೋಲೋ ಆಟ ನಡೆಯಿತು. ಮುಂದೆ ಆ ಅಂಗಳವೇ ಕ್ರೀಡಾಂಗಣವಾಯಿತು. ಇಂದು ಕೆರೆಯ ಹೆಸರು ಸಂಪಂಗಿರಾಮನಗರ ಎಂಬ ಬಡಾವಣೆಯಲ್ಲಿ ಉಳಿದಿದೆ. ಅದರ ನೀರು ಕ್ರೀಡಾಂಗಣದ ಪಕ್ಕದ ಒಂದು ಪುಟ್ಟ ಕೊಳದಲ್ಲಿ ಉಳಿದಿದೆ. ಚೈತ್ರಮಾಸದಲ್ಲಿ ಬೆಂಗಳೂರು ಕರಗದ ವೇಳೆ, ಹಸಿ ಕರಗದ ವಿಧಿಗಾಗಿ ಭಕ್ತರು ಇಂದಿಗೂ ಅಲ್ಲಿಗೇ ಬರುತ್ತಾರೆ. ನಗರ ಮರೆತದ್ದನ್ನು ಕರಗ ಮರೆತಿಲ್ಲ.

1997ರಲ್ಲಿ ರಾಷ್ಟ್ರೀಯ ಕ್ರೀಡಾಕೂಟ ನಡೆದಾಗ ಕಂಠೀರವಕ್ಕೆ ಹೊಸ ರೂಪ ಬಂದಿತ್ತು. ಆಗ ಕಾಲೇಜು ವಿದ್ಯಾರ್ಥಿಯಾಗಿದ್ದ ನಾನು ಗ್ಯಾಲರಿಯಲ್ಲಿ ಕುಳಿತು ಓಟಗಾರರನ್ನು ಕಣ್ಣು ಮಿಟುಕಿಸದೆ ನೋಡಿದ್ದೇನೆ. ನಮಗೆ ಅದು ಓಟದ ಮೈದಾನ. ಕಾಲ್ಚೆಂಡಿನ ಮಾತು ಬಂದರೆ ಅಶೋಕನಗರದ ಫುಟ್‌ಬಾಲ್ ಕ್ರೀಡಾಂಗಣವೇ ನೆನಪಾಗುತ್ತಿತ್ತು.

ಕಾಲ್ಚೆಂಡಾಟ ಬೆಂಗಳೂರಿಗೆ ಹೊಸತೇನಲ್ಲ. ಬೆಂಗಳೂರು ಮುಸ್ಲಿಮ್ಸ್ ತಂಡವು 1937 ಮತ್ತು 1938ರಲ್ಲಿ ರೋವರ್ಸ್ ಕಪ್ ಗೆದ್ದಿತ್ತು. ನಮ್ಮವರೇ ಆದ ಅಹಮದ್ ಖಾನ್, 1951ರಲ್ಲಿ ಇದೇ ದೆಹಲಿಯಲ್ಲಿ ನಡೆದ ಮೊದಲ ಏಷ್ಯನ್ ಕ್ರೀಡಾಕೂಟದಲ್ಲಿ ಚಿನ್ನ ಗೆದ್ದ ಭಾರತ ತಂಡದಲ್ಲಿದ್ದರು. ಆದರೆ ಇಡೀ ನಗರವೇ ತನ್ನದೆಂದು ಕೊಂಡಾಡುವ ಕ್ಲಬ್ಬು ಹುಟ್ಟಿದ್ದು 2013ರಲ್ಲಿ. ಬೆಂಗಳೂರು ಎಫ್.ಸಿ. ತನ್ನ ಮೊದಲ ವರ್ಷ ಅಶೋಕನಗರದಲ್ಲಿ ಆಡಿ, ಆ ವರ್ಷವೇ ಐ-ಲೀಗ್ ಗೆದ್ದು, ಬಳಿಕ ಕಂಠೀರವಕ್ಕೆ ಬಿಡಾರ ಬದಲಿಸಿತು.

ಆ ಅಂಗಳವು ಸುಖದುಃಖಗಳೆರಡನ್ನೂ ಕಂಡಿದೆ. 2015ರ ಮೇ 31ರಂದು ಗೆದ್ದರೆ ಪ್ರಶಸ್ತಿ ಎನ್ನುವ ಪಂದ್ಯದಲ್ಲಿ, ಕೊನೆಯ ನಿಮಿಷಗಳಲ್ಲಿ ಮೋಹನ್ ಬಾಗಾನ್ ಸಮ ಮಾಡಿ ಪ್ರಶಸ್ತಿಯನ್ನು ಕೊಲ್ಕತ್ತಕ್ಕೆ ಒಯ್ದಿತು. ಮರುವರ್ಷ ಪ್ರಶಸ್ತಿ ಮರಳಿ ಬಂತು. 2016ರ ಅಕ್ಟೋಬರ್ 19ರಂದು ಮಲೇಷ್ಯಾದ ಜೊಹೋರ್ ತಂಡವನ್ನು 3-1ರಿಂದ ಸೋಲಿಸಿ, ಎ.ಎಫ್.ಸಿ. ಕಪ್‌ನ ಅಂತಿಮ ಹಂತ ತಲುಪಿದ ಮೊದಲ ಭಾರತೀಯ ಕ್ಲಬ್ಬು ಎನಿಸಿದ್ದೂ ಇಲ್ಲಿಯೇ. ಅಂದು ಸುನಿಲ್ ಛೆಟ್ರಿ ಎರಡು ಗೋಲು ಹೊಡೆದರು.

ಆದರೆ ಈ ಸಂಭ್ರಮಕ್ಕೆ ಇನ್ನೊಂದು ಮುಖವಿದೆ. ಓಟದ ಪಥ ಸುತ್ತಲೂ, ಹುಲ್ಲಿನ ಅಂಗಳ ನಡುವೆ. ಎರಡೂ ಒಂದೇ ಆವರಣ. ಕಾಲ್ಚೆಂಡಿಗೆ ಹುಲ್ಲು ಸಮತಟ್ಟಾಗಿರಬೇಕು, ಪಂದ್ಯಗಳ ನಡುವೆ ಅದಕ್ಕೆ ವಿಶ್ರಾಂತಿ ಬೇಕು. ಭರ್ಜಿ, ಚಕ್ರ, ಹ್ಯಾಮರ್ ಎಸೆಯುವವರಿಗೂ ಅದೇ ಹುಲ್ಲು ಬೇಕು. ಅವು ಬಿದ್ದಲ್ಲಿ ಕುಳಿ. ಪಂದ್ಯದ ಸಿದ್ಧತೆಗೆಂದು ಆವರಣ ಮುಚ್ಚಿದರೆ ಓಟದ ಹುಡುಗ ಹುಡುಗಿಯರ ಅಭ್ಯಾಸಕ್ಕೆ ಕುತ್ತು. ಈ ವಿವಾದ ನ್ಯಾಯಾಲಯದ ಮೆಟ್ಟಿಲನ್ನೂ ಹತ್ತಿತು. ಎರಡೂ ಪಕ್ಷಗಳಲ್ಲಿ ನ್ಯಾಯವಿತ್ತು; ಕೊರತೆಯಿದ್ದದ್ದು ನೆಲಕ್ಕೆ ಮಾತ್ರ.

ಬ್ಯಾಂಕಿನವನ ಭಾಷೆಯಲ್ಲಿ ಹೇಳುವುದಾದರೆ, ಕಂಠೀರವ ಸರ್ಕಾರದ ಸ್ವತ್ತು. ಕ್ಲಬ್ಬು ಅಲ್ಲಿ ಬಾಡಿಗೆದಾರ. ಬಾಡಿಗೆದಾರ ಎಷ್ಟೇ ಪ್ರೀತಿಪಾತ್ರನಾದರೂ ಒಂದು ದಿನ ಹೊರಡಬಹುದು. ಅಂದು ನಾವು ನೋಡಿದ ದೆಹಲಿ ಡೈನಮೋಸ್ ತಂಡವೇ 2019ರಲ್ಲಿ ಭುವನೇಶ್ವರಕ್ಕೆ ಹೋಗಿ ಒಡಿಶಾ ಎಫ್.ಸಿ. ಆಯಿತಲ್ಲವೆ? ಕ್ಲಬ್ಬುಗಳು ಬರುತ್ತವೆ, ಹೋಗುತ್ತವೆ. ಉಳಿಯಬೇಕಾದದ್ದು ನೆಲ. ನೆಲವೆಂಬುದು ಹಿರಿಯರು ಇಟ್ಟುಹೋದ ಠೇವಣಿ. ಬಡ್ಡಿಯನ್ನು ಉಣ್ಣಬೇಕು, ಅಸಲನ್ನು ಮುಟ್ಟಬಾರದು. ಸಂಪಂಗಿ ಕೆರೆಯ ವಿಷಯದಲ್ಲಿ ನಾವು ಅಸಲನ್ನೇ ತೆಗೆದು ಖರ್ಚು ಮಾಡಿದೆವು. ಕೆರೆಯ ಬದಲಿಗೆ ದೊರೆತ ಮೈದಾನವನ್ನಾದರೂ ಎಲ್ಲ ಮಕ್ಕಳಿಗೂ ತೆರೆದಿಡದಿದ್ದರೆ ಲೆಕ್ಕ ಸರಿಹೋಗದು.

ಮಕ್ಕಳು ದಿನಕ್ಕೆ 60 ನಿಮಿಷವಾದರೂ, ವಯಸ್ಕರು ವಾರಕ್ಕೆ 150 ನಿಮಿಷವಾದರೂ ದೇಹವನ್ನು ದಣಿಸಬೇಕೆಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಈ ನಿಮಿಷಗಳನ್ನು ಕಳೆಯುವುದೆಲ್ಲಿ? ನಮ್ಮ ದೆಹಲಿಯ ಬಡಾವಣೆಗಳ ಉದ್ಯಾನಗಳಲ್ಲೂ ‘ಇಲ್ಲಿ ಆಟವಾಡಬಾರದು’ ಎಂಬ ಫಲಕಗಳು ಕಾಣುತ್ತವೆ.

ಕಳೆದ ಬೇಸಿಗೆ ರಜೆಯಲ್ಲಿ ಮಗನನ್ನು ಆ ಕೊಳದ ಬಳಿಗೆ ಕರೆದೊಯ್ದೆ. ಅವನು ಕೊಳವನ್ನು ನೋಡಿದ, ತಲೆಯೆತ್ತಿ ಕ್ರೀಡಾಂಗಣದ ದೀಪಸ್ತಂಭಗಳನ್ನು ನೋಡಿದ. “ಇಷ್ಟೇ ಉಳಿದಿದೆಯೆ, ಅಪ್ಪ?” ಎಂದ. ಆ ಪ್ರಶ್ನೆಗೆ ನನ್ನಲ್ಲಿ ಉತ್ತರವಿರಲಿಲ್ಲ. ಮೈದಾನಗಳ ವಿಷಯದಲ್ಲಿ ನಮ್ಮ ಮೊಮ್ಮಕ್ಕಳು ಅದೇ ಪ್ರಶ್ನೆಯನ್ನು ಕೇಳದಂತೆ ನೋಡಿಕೊಳ್ಳುವ ಹೊಣೆ, ಬೆಂಗಳೂರಿನಲ್ಲಿರಲಿ ದೆಹಲಿಯಲ್ಲಿರಲಿ, ನಮ್ಮೆಲ್ಲರದು.